ಕೆಂಪು ಗೆರೆ ಕೂಡಿತ್ತು

1978ರ ಡಿಸೆಂಬರಿನಲ್ಲಿ ನಾನು ಸೇನೆಯ ಹೆಲಿಕಾಪ್ಟರುಗಳನ್ನು ಬಿಚ್ಚಿ ದುರಸ್ತಿ ಮಾಡುವ ಒಂದು ಕಾರ್ಖಾನೆಯಲ್ಲಿ ಇಂಜಿನಿಯರಿಂಗ್ ಅಧಿಕಾರಿಯಾಗಿದ್ದೆ. ಆಗ ನನಗೆ ಮೂವತ್ತಾರು ವರ್ಷ. ಕಾರ್ಖಾನೆಯ ಹೆಸರನ್ನಾಗಲಿ, ಅಪಘಾತ ನಡೆದ ಕರಾವಳಿಯ ನೆಲೆಯ ಹೆಸರನ್ನಾಗಲಿ, ಹೆಲಿಕಾಪ್ಟರಿನ ಮಾದರಿಯನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಮಿಕ್ಕದ್ದೆಲ್ಲ ನಡೆದ ಹಾಗೆಯೇ ಇದೆ, ನನ್ನ ತಪ್ಪೂ ಸೇರಿ.

ಆ ತಿಂಗಳ ಒಂದು ಬೆಳಿಗ್ಗೆ ನಾಲ್ಕು ಜನರಿದ್ದ ಹೆಲಿಕಾಪ್ಟರೊಂದು ದಡದಿಂದ ಹತ್ತು ಕಿಲೋಮೀಟರು ಒಳಗೆ ಸಮುದ್ರದ ಮೇಲೆ ರಕ್ಷಣಾ ಅಭ್ಯಾಸ ಮಾಡುತ್ತಿತ್ತು. ನೀರಿನಿಂದ ನಲವತ್ತು ಅಡಿ ಎತ್ತರದಲ್ಲಿ ಅಲುಗದೆ ನಿಂತು, ತಂತಿಯ ಹಗ್ಗವನ್ನು ಕೆಳಗಿಳಿಸಿ ಮೇಲೆತ್ತುವ ಅಭ್ಯಾಸ ಅದು. ಹಾರಿ ಸುಮಾರು ಒಂದು ಗಂಟೆಯಾಗಿತ್ತು. ಇದ್ದಕ್ಕಿದ್ದಂತೆ ಹೆಲಿಕಾಪ್ಟರಿನ ಮೈ ತನ್ನ ಸುತ್ತ ತಾನೇ ತಿರುಗತೊಡಗಿತು. ಮೂರು ಸುತ್ತು ತಿರುಗಿ ಮಗ್ಗುಲಾಗಿ ನೀರಿಗೆ ಬಿತ್ತು. ಸಹಪೈಲಟ್ ಕಿಟಕಿಯಿಂದ ಹೇಗೋ ಹೊರಬಿದ್ದು ಬದುಕಿದರು. ಪೈಲಟ್ ಮತ್ತು ಹಗ್ಗ ಇಳಿಸುತ್ತಿದ್ದವರ ದೇಹಗಳನ್ನು ಮೀನುಗಾರರು ತಂದುಕೊಟ್ಟರು. ನಾಲ್ಕನೆಯವನು ಮೆಕ್ಯಾನಿಕ್ ಚಾಂದಪಾಷಾ, ಇಪ್ಪತ್ತೇಳು ವರ್ಷದವನು. ಅವನ ದೇಹ ಸಿಗಲೇ ಇಲ್ಲ.

ಚಾಂದಪಾಷಾ ಅಂದು ಹಾರಬೇಕಾದವನೇ ಅಲ್ಲ. ಕಾಲಿನ ಪೆಡಲ್ ಸ್ವಲ್ಪ ಬಿಗಿಯಾಗಿದೆ ಎಂದು ಪೈಲಟ್ ಹಿಂದಿನ ದಿನ ದಾಖಲೆ ಪುಸ್ತಕದಲ್ಲಿ ಬರೆದಿದ್ದರು. ಅದರ ಎದುರು ಏನು ಮಾಡಲಾಯಿತು ಎಂಬ ಉತ್ತರ ಇರಲಿಲ್ಲ. ಅಂದು ಬೆಳಿಗ್ಗೆಯಷ್ಟೇ ರಜೆ ಮುಗಿಸಿ ಬಂದಿದ್ದ ಚಾಂದಪಾಷಾ ಅದನ್ನು ಓದಿ, ತಾನೇ ಜೊತೆಗೆ ಹೋಗಿ ನೋಡುತ್ತೇನೆ ಎಂದು ಹತ್ತಿ ಕುಳಿತಿದ್ದ.

ಮೂವರ ತನಿಖಾ ಮಂಡಳಿ ನೇಮಕವಾಯಿತು. ತಾಂತ್ರಿಕ ಸದಸ್ಯ ನಾನು. ಸತ್ತವರ ಪಟ್ಟಿ ನೋಡಿದಾಗ ಚಾಂದಪಾಷಾನ ಹೆಸರಿನ ಮುಂದೆ ರಾಯಚೂರು ಎಂದಿತ್ತು. ನಾನು ಅದೇ ಜಿಲ್ಲೆಯ ಮಾನ್ವಿಯವನು. ಅಷ್ಟೇ ಆಗಿದ್ದರೆ ಊರಿನ ಕಡೆಯ ಹುಡುಗ ಎಂದು ಮರುಗಿ ಕೆಲಸ ಮುಂದುವರಿಸುತ್ತಿದ್ದೆನೇನೋ. ಆದರೆ ನಾನು ಅವನನ್ನು ನೋಡಿದ್ದೆ, ಮಾತಾಡಿಸಿದ್ದೆ.

ಅದು ಒಂದೂವರೆ ವರ್ಷದ ಹಿಂದಿನ ಮಾತು. ಅದೇ ನೆಲೆಗೆ ಎರಡು ದಿನದ ತಪಾಸಣೆಗೆ ಹೋಗಿದ್ದೆ. ಒಂದು ಹೆಲಿಕಾಪ್ಟರಿನ ಬಾಲದ ಭಾಗದಲ್ಲಿ ನಟ್ಟುಗಳ ಮೇಲೆಲ್ಲ ಕೆಂಪು ಗೆರೆ ಎಳೆದಿತ್ತು. ಗೆರೆ ನಟ್ಟಿನ ಪಕ್ಕೆಯಿಂದ ಇಳಿದು ಕೆಳಗಿನ ಲೋಹದವರೆಗೆ ಸಾಗಿತ್ತು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಎರಡಾಗಿ ಕಾಣುತ್ತದೆ. ಕೆಲವು ಪೈಪುಗಳಿಗೆ ಇಂಥ ಗುರುತು ಹಾಕುವುದು ನಮ್ಮಲ್ಲೂ ಇತ್ತು, ಆದರೆ ಪಿನ್ ಹಾಕಿ ಭದ್ರ ಮಾಡಿದ ನಟ್ಟಿಗೆ ಯಾರೂ ಹಾಕುತ್ತಿರಲಿಲ್ಲ. ಇದು ಯಾರ ಕೆಲಸ ಎಂದು ಕೇಳಿದೆ. ಎಲ್ಲರೂ ನಕ್ಕು ಚಾಂದಪಾಷಾನನ್ನು ಮುಂದೆ ತಳ್ಳಿದರು. ಯಂತ್ರಕ್ಕೆ ಕುಂಕುಮ ಹಚ್ಚುವ ಪೂಜಾರಿ ಎಂದು ಅವನಿಗೆ ಅಡ್ಡಹೆಸರು ಇಟ್ಟಿದ್ದರಂತೆ. ನನ್ನ ಮಾತಿನ ಧಾಟಿಯಿಂದಲೇ ಅವನಿಗೆ ಊರು ತಿಳಿಯಿತು.

“ಮಾನ್ವಿ ಕಡೆಯವರೇನ್ರಿ ಸರ್?” ಎಂದು ಮುಖ ಅರಳಿಸಿಕೊಂಡು ಕೇಳಿದ. ತನ್ನ ತಂದೆ ರಾಯಚೂರಿನ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಎಂದೂ ಗೆರೆ ಎಳೆಯುವುದು ಅವರು ಕಲಿಸಿದ್ದೆಂದೂ ಹೇಳಿದ. ಹತ್ತಿಯಿಂದ ಬೀಜ ಬಿಡಿಸುವ ಆ ಯಂತ್ರಗಳು ಹಗಲೆಲ್ಲ ಗಡಗಡ ಅದುರುತ್ತವೆ, ನಟ್ಟು ಸಡಿಲವಾಗುವುದು ಅಲ್ಲಿ ದಿನದ ಪಾಡು.

ನನಗೆ ಬಹಳ ಮೆಚ್ಚುಗೆಯಾಯಿತು. ಎಲ್ಲರನ್ನೂ ನಿಲ್ಲಿಸಿಕೊಂಡು, ಇದು ಒಳ್ಳೆಯ ಅಭ್ಯಾಸ, ನೀವೂ ಹೀಗೇ ಮಾಡಿರಿ, ಹಾರುವ ಮುಂಚೆ ಗೆರೆ ಕೂಡಿದೆಯೇ ಎಂದು ನೋಡಿರಿ ಎಂದೆ. ಲಿಖಿತ ಆದೇಶವೇನೂ ಕೊಡಲಿಲ್ಲ. ಅವನು ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದಿದ್ದ. ನನಗೆ ಊಟದ ಹೊತ್ತಾಗಿತ್ತು. ಬೆನ್ನು ತಟ್ಟಿ ಹೊರಟುಬಿಟ್ಟೆ.

ಮುಳುಗುಗಾರರು ಹನ್ನೊಂದು ದಿನ ಹುಡುಕಿ ಹೆಲಿಕಾಪ್ಟರಿನ ಬಾಲವನ್ನು ಮೇಲೆತ್ತಿದರು. ಈ ಬಾಲದ ಮಹತ್ವ ಏನೆಂದು ಸಾಮಾನ್ಯ ಓದುಗರಿಗೆ ಹೇಳಬೇಕು. ಮೇಲಿನ ದೊಡ್ಡ ರೆಕ್ಕೆಗಳು ಒಂದು ಕಡೆಗೆ ತಿರುಗಿದಾಗ ಹೆಲಿಕಾಪ್ಟರಿನ ಮೈ ಅದರ ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆದು ಹಿಡಿಯುವುದು ಬಾಲದ ತುದಿಯ ಚಿಕ್ಕ ಫ್ಯಾನು, ಅಂದರೆ ಟೇಲ್ ರೋಟರ್. ಪೈಲಟ್ ಪೆಡಲ್ ಒತ್ತಿದಾಗ ಕೇಬಲ್ಲು, ಕಡ್ಡಿಗಳ ಮೂಲಕ ಆ ಒತ್ತಡ ಕೊನೆಯ ಒಂದು ಲಿವರಿಗೆ ಮುಟ್ಟಿ ಚಿಕ್ಕ ರೆಕ್ಕೆಗಳ ಕೋನ ಬದಲಾಗುತ್ತದೆ. ಆ ಲಿವರನ್ನು ಕಡ್ಡಿಗೆ ಜೋಡಿಸುವುದು ಒಂದೇ ಒಂದು ಬೋಲ್ಟು. ಅದರ ನಟ್ಟಿಗೆ ಕಿರೀಟದ ಹಾಗೆ ಮೇಲ್ತುದಿಯಲ್ಲಿ ಸೀಳುಗಳಿರುತ್ತವೆ. ಸೀಳಿನೊಳಗಿಂದ ಬೋಲ್ಟಿನ ರಂಧ್ರಕ್ಕೆ ಎರಡು ಕಾಲಿನ ಸ್ಪ್ಲಿಟ್ ಪಿನ್ ತೂರಿಸಿ, ಒಂದು ಕಾಲನ್ನು ಮೇಲಕ್ಕೂ ಇನ್ನೊಂದನ್ನು ನಟ್ಟಿನ ಪಕ್ಕೆಯ ಮೇಲೆ ಕೆಳಕ್ಕೂ ಮಡಚಬೇಕು. ಪಿನ್ ಇದ್ದರೆ ನಟ್ಟು ಎಷ್ಟು ಅದುರಿದರೂ ಬಿಚ್ಚಿಕೊಳ್ಳುವುದಿಲ್ಲ.

ನಾವು ನೋಡಿದಾಗ ಲಿವರಿನಲ್ಲಿ ಬೋಲ್ಟೇ ಇರಲಿಲ್ಲ. ನಟ್ಟು ಬಾಲದ ಕವಚದ ತಳದಲ್ಲಿ ಮರಳಿನೊಳಗೆ ಹೂತುಕೊಂಡು ಸಿಕ್ಕಿತು. ಒಳಗಿನ ತಿರುಪಿನ ಎಳೆಗಳು ಒಂದೂ ಹರಿದಿರಲಿಲ್ಲ, ಅಂದರೆ ನಟ್ಟು ಕಿತ್ತುಬಂದದ್ದಲ್ಲ, ತಾನೇ ನಿಧಾನವಾಗಿ ತಿರುಗಿ ಕಳಚಿದ್ದು. ಪಿನ್ ಇದ್ದಿದ್ದರೆ ಹಾಗಾಗುವುದು ಸಾಧ್ಯವೇ ಇಲ್ಲ. ನಟ್ಟಿನ ಪಕ್ಕೆಯ ಮೇಲೆ ನಾಲ್ಕು ಮಿಲಿಮೀಟರು ಅಗಲದ ಕೆಂಪು ಗೆರೆ ಉಳಿದಿತ್ತು. ಗೆರೆಯ ಮೇಲರ್ಧದಲ್ಲಿ, ನಟ್ಟನಡುವೆ, ಒಂದು ಮಿಲಿಮೀಟರಿನ ಖಾಲಿ ಪಟ್ಟಿ ಇತ್ತು. ಭೂತಗನ್ನಡಿ ಹಿಡಿದು ನೋಡಿ, ಮರಳಿಗೆ ಉಜ್ಜಿ ಬಣ್ಣ ಹೋಗಿದೆ ಎಂದು ನಾನೇ ಬರೆದೆ.

ಉಳಿದದ್ದು ಕಾಗದದ ಕೆಲಸ. ಅಪಘಾತಕ್ಕೆ ಮೂರು ವಾರ ಮುಂಚೆ ಬಾಲದ ಗೇರ್‌ಬಾಕ್ಸ್ ಬದಲಿಸಿದಾಗ ಆ ಬೋಲ್ಟನ್ನು ಹಾಕಿದವನು ಚಾಂದಪಾಷಾ. ಅವನ ಸಹಿ ಇತ್ತು, ಅದರ ಕೆಳಗೆ ಮೇಲ್ವಿಚಾರಕರ ಸಹಿ ಇತ್ತು. ಆಮೇಲೆ ಆ ಜಾಗಕ್ಕೆ ಯಾರೂ ಕೈ ಹಾಕಿದ ದಾಖಲೆ ಇರಲಿಲ್ಲ. ಈ ಮೇಲ್ವಿಚಾರಕರನ್ನು ಎಲ್ಲರೂ ಚೀಫ್ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಸೇವೆಯಾದ, ಮಿತಭಾಷಿ ಮನುಷ್ಯ. ಪಿನ್ ನೋಡಿದ ನೆನಪಿದೆಯೇ ಎಂದು ಕೇಳಿದರೆ, ನೋಡಿಯೇ ಸಹಿ ಹಾಕಿರಬೇಕು ಎಂದಷ್ಟೇ ಹೇಳಿದರು. ಇನ್ನು ಬದುಕಿದ ಸಹಪೈಲಟ್‌ರ ಹೇಳಿಕೆ. ಹಾರುವ ಮುಂಚೆ ಚಾಂದಪಾಷಾ ಏಣಿ ಹತ್ತಿ, ಬಾಲದ ಪರೀಕ್ಷೆಯ ಕಿಂಡಿ ತೆರೆದು, ಟಾರ್ಚು ಹಾಕಿ ನೋಡಿದ್ದನಂತೆ. ಇಳಿದು ಬಂದು, ಗೆರೆ ಸರಿಯಾಗಿದೆ ಎಂದಿದ್ದನಂತೆ.

ಹಾಕುವಾಗ ಪಿನ್ ಮರೆತ, ನೋಡುವಾಗಲೂ ಮರೆತ ಎಂದು ಮಂಡಳಿಯ ಅಧ್ಯಕ್ಷರು ತೀರ್ಮಾನಕ್ಕೆ ಬಂದರು. ನಾನು ಬೇಡವೆನ್ನಲಿಲ್ಲ. ‘ಮೃತ ಮೆಕ್ಯಾನಿಕನ ಅಜಾಗರೂಕತೆಯೇ ಅಪಘಾತಕ್ಕೆ ಮೂಲ ಕಾರಣ’ ಎಂಬ ವಾಕ್ಯದ ಕರಡನ್ನು ನನ್ನ ಕೈಯಾರೆ ಬರೆದೆ. ಸತ್ತವರ ತಲೆಗೆ ಕಟ್ಟುವುದು ಎಷ್ಟು ಸಲೀಸು ಎಂದು ಈಗ ಹೇಳಬಲ್ಲೆ, ಆಗ ಹಾಗನ್ನಿಸಿರಲಿಲ್ಲ. ನಟ್ಟು ಕಣ್ಣೆದುರಿಗಿತ್ತು, ಸಹಿ ಕಣ್ಣೆದುರಿಗಿತ್ತು. ಅಂತಿಮ ವರದಿಗೆ ಇನ್ನು ಮೂರು ವಾರ ಉಳಿದಿತ್ತು.

ಜನವರಿಯಲ್ಲಿ ನನಗೆ ಮಾನ್ವಿಗೆ ಹೋಗಲು ಒಂದು ವಾರದ ರಜೆ ಸಿಕ್ಕಿತು. ಅದೇ ಜಿಲ್ಲೆಯವರು ನೀವು, ಚಾಂದಪಾಷಾನ ಪೆಟ್ಟಿಗೆಯನ್ನು ಮನೆಯವರಿಗೆ ಮುಟ್ಟಿಸಿ ಬನ್ನಿ ಎಂದು ಅಧ್ಯಕ್ಷರು ಹೇಳಿದರು. ಹಸಿರು ಬಣ್ಣದ ತಗಡಿನ ಟ್ರಂಕು. ಅದನ್ನು ರೈಲಿನಲ್ಲಿ ಕಾಲಡಿ ಇಟ್ಟುಕೊಂಡು ರಾಯಚೂರಿನಲ್ಲಿ ಇಳಿದೆ.

ಹತ್ತಿಯ ಹಂಗಾಮು. ಸ್ಟೇಷನ್ನಿನಿಂದ ಹೊರಟ ಟಾಂಗಾ, ಹತ್ತಿ ಹೇರಿದ ಬಂಡಿಗಳ ಸಾಲಿನ ಹಿಂದೆ ಸಿಕ್ಕಿಹಾಕಿಕೊಂಡಿತು. ವಿದ್ಯುತ್ ತಂತಿಗಳ ಮೇಲೆ, ಬೇವಿನ ಎಲೆಗಳ ಮೇಲೆ ಬಿಳಿ ಎಳೆ ಕೂತಿತ್ತು. ಚಾಂದಪಾಷಾನ ತಂದೆ ಮಹಬೂಬಸಾಬರ ಮನೆ ಮಿಲ್ಲಿನ ಹಿಂದಿನ ಗಲ್ಲಿಯಲ್ಲಿ, ಎರಡು ಕೋಣೆಯದು. ಅವರಿಗೆ ಅರವತ್ತರ ಹತ್ತಿರ. ಬಿಳಿ ಗಡ್ಡ, ಎಷ್ಟು ತೊಳೆದರೂ ಗ್ರೀಸ್ ಬಿಡದ ಉಗುರು. ಮಿಲ್ಲಿನ ಹೊತ್ತಿನಲ್ಲಿ ಮನೆಯಲ್ಲಿದ್ದರು.

“ಬರ್ರಿ ಸಾಹೇಬ್ರ, ಒಳಗ ಬರ್ರಿ,” ಎಂದು ಟ್ರಂಕಿನ ಒಂದು ಕಡೆ ತಾವೇ ಹಿಡಿದರು. ಹೆಂಡತಿಗೆ ದಖನಿ ಉರ್ದುವಿನಲ್ಲಿ ನೀರು ತರಲು ಹೇಳಿದರು. ಆಕೆ ನೀರು ತಂದಿಟ್ಟು, ಟ್ರಂಕು ನೋಡಿ, ಬಾಗಿಲ ಹಿಂದೆ ನಿಂತು ಸದ್ದಿಲ್ಲದೆ ಅಳತೊಡಗಿದರು.

ಸುದ್ದಿ ನನಗಿಂತ ಮುಂಚೆ ಊರು ಮುಟ್ಟಿತ್ತು. ನೆಲೆಯಿಂದ ಯಾರೋ ಬರೆದ ಕಾಗದದಲ್ಲಿ ಚಾಂದಪಾಷಾ ಪಿನ್ ಮರೆತು ತನ್ನೊಡನೆ ಇಬ್ಬರನ್ನು ಕೊಂದ ಎಂದಿತ್ತಂತೆ. ಅವನ ಹೆಂಡತಿ ಜೈನಾಬಿಯನ್ನು ಮತ್ತು ಎಂಟು ತಿಂಗಳ ಮಗುವನ್ನು ದೇವದುರ್ಗದಿಂದ ಬಂದ ಆಕೆಯ ಅಣ್ಣ ತವರಿಗೆ ಕರೆದುಕೊಂಡು ಹೋಗಿದ್ದ. ಹೋಗುವಾಗ ಓಣಿಯವರೆಲ್ಲರ ಎದುರು ಆಡಬಾರದ ಮಾತು ಆಡಿದ್ದ. ಮಿಲ್ಲಿನಲ್ಲೂ ಮಾತು ಶುರುವಾಗಿತ್ತು. ಮಗನಿಗೆ ಕಲಿಸಿದ ಕೈ ಇದೇ ಅಲ್ಲವೇ ಎಂದು ಯಾರೋ ಅಂದ ದಿನ ಮಹಬೂಬಸಾಬರು ಪಾನಾ, ಅಂದರೆ ಸ್ಪ್ಯಾನರ್, ಕೆಳಗಿಟ್ಟು ಮನೆಗೆ ಬಂದಿದ್ದರು. ಅರಕೇರಾ ಹಳ್ಳಿಯಿಂದ ಬಂದು ಮೂವತ್ತೈದು ವರ್ಷ ಆ ಮಿಲ್ಲಿನಲ್ಲಿ ದುಡಿದವರು, ಈಗ ಹಂಗಾಮಿನ ನಡುವೆ ಹನ್ನೆರಡು ದಿನದಿಂದ ಕೆಲಸಕ್ಕೆ ಹೋಗಿರಲಿಲ್ಲ.

“ಮಗನ್ನ ಮಣ್ಣು ಮಾಡಾಕ ಸಿಗಲಿಲ್ಲ,” ಎಂದರು. “ಹೆಸರರ ಉಳೀಬೇಕಲ್ರಿ ಸಾಹೇಬ್ರ. ಖರೇನ ಪಿನ್ನು ಬಿಟ್ಟಾನೇನು?”

ಕರಡು ವಾಕ್ಯ ನನ್ನ ಚೀಲದಲ್ಲೇ ಇತ್ತು. ತನಿಖೆ ಮುಗಿದಿಲ್ಲ ಎಂದೆ.

ಅವರು ಟ್ರಂಕು ತೆರೆದು ಒಂದೊಂದೇ ವಸ್ತು ಹೊರಗಿಟ್ಟರು. ಎರಡು ಅಂಗಿ, ನಮಾಜಿಗೆ ಹಾಸುವ ಜಾನಮಾಜು, ಮಗುವಿಗೆಂದು ಕೊಂಡ ಒಂದು ಜೊತೆ ಕಾಲ್ಗೆಜ್ಜೆ. ಎಲ್ಲಕ್ಕಿಂತ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಡಬ್ಬಿ ಮತ್ತು ಕೂದಲು ಕಡಿಮೆಯಾದ ಬ್ರಷ್ಷು. ಮಹಬೂಬಸಾಬರು ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು. ಒತ್ತಿ ಕಟ್ಟಿದ ಹತ್ತಿಯ ಬೇಲುಗಳ ಮೇಲೆ ನಂಬರು ಬರೆಯುವ ಕೆಂಪು ಬಣ್ಣ ಅದು, ಪ್ರತಿ ಸಲ ರಜೆಗೆ ಬಂದಾಗ ಮಿಲ್ಲಿನಿಂದಲೇ ತುಂಬಿಸಿಕೊಂಡು ಹೋಗುತ್ತಿದ್ದನಂತೆ. ನಟ್ಟಿನ ಮೇಲೆ ಗೆರೆ ಇತ್ತೇ ಎಂದು ಕೇಳಿದರು. ಇತ್ತು ಎಂದೆ.

“ಗೆರಿ ಇತ್ತಂದ್ರ ಪಿನ್ನು ಇತ್ತು,” ಎಂದರು. “ಪಿನ್ನು ಹಾಕದ ಗೆರಿ ಎಳಿಯಾಂವ ಅಲ್ಲ ನನ್ನ ಮಗ.”

ತಂದೆಯಾದವರು ಹಾಗಲ್ಲದೆ ಇನ್ನೇನು ಹೇಳುತ್ತಾರೆ ಎಂದುಕೊಂಡೆ. ನನ್ನ ಮುಖ ನೋಡಿಯೇ ಅವರಿಗೆ ಅದು ತಿಳಿದಿರಬೇಕು. ಎದ್ದು ಚಪ್ಪಲಿ ಮೆಟ್ಟಿಕೊಂಡರು. ಹನ್ನೆರಡು ದಿನ ಬಿಟ್ಟಿದ್ದ ಮಿಲ್ಲಿಗೆ ನನ್ನನ್ನು ಕರೆದುಕೊಂಡು ನಡೆದರು. ಫಿಟ್ಟರುಗಳು ಕೆಲಸ ಬಿಟ್ಟು ನಮ್ಮತ್ತ ನೋಡಿದರು. ದುರಸ್ತಿಗೆಂದು ನಿಲ್ಲಿಸಿದ್ದ ಒಂದು ಜಿನ್ನಿನ, ಅಂದರೆ ಬೀಜ ಬಿಡಿಸುವ ಯಂತ್ರದ, ಹತ್ತಿರ ಅವರು ಕೂತು, ಅಂಥದೇ ಕಿರೀಟದ ನಟ್ಟೊಂದನ್ನು ಬಿಗಿದರು. ಪಿನ್ ತೂರಿಸಿ ಕಾಲುಗಳನ್ನು ಮಡಚಿದರು. ಆಮೇಲೆ ಮಗನ ಬ್ರಷ್ಷನ್ನು ಅದ್ದಿ ಗೆರೆ ಎಳೆದರು. ಬ್ರಷ್ಷು ಮಡಚಿದ ಪಿನ್ನಿನ ಕಾಲಿನ ಮೇಲೆಯೇ ಹಾದು, ನಟ್ಟಿನ ಪಕ್ಕೆಯಲ್ಲಿ ಇಳಿದು, ಕೆಳಗಿನ ಕಬ್ಬಿಣದ ಮೇಲೆ ನಿಂತಿತು.

“ಹಿಂಗ, ಪಿನ್ನಿನ ಮ್ಯಾಲಿಂದನ ಎಳೀಬೇಕು. ಪಿನ್ನು ಇಲ್ಲಂದ್ರ ಯಾವುದರ ಮ್ಯಾಲ ಎಳೀತೀರಿ?”

ನಾನು ಬಗ್ಗಿ ನೋಡಿದೆ. ಕೆಂಪಾದ ಆ ಪಿನ್ನಿನ ಕಾಲನ್ನು ಒಂದೂವರೆ ವರ್ಷದ ಹಿಂದೆ ನೆಲೆಯಲ್ಲೂ ನೋಡಿರಬೇಕು, ಗಮನಿಸಿರಲಿಲ್ಲ. ಬಣ್ಣ ಆರುವವರೆಗೂ ಕಾದು, ಈ ಪಿನ್ನನ್ನು ತೆಗೆಯುತ್ತೀರಾ ಎಂದು ಕೇಳಿದೆ. ಅವರು ಇಕ್ಕಳದಿಂದ ಕಾಲು ನೆಟ್ಟಗೆ ಮಾಡಿ ಪಿನ್ ಎಳೆದರು. ಕೆಂಪು ಗೆರೆಯ ಮೇಲರ್ಧದಲ್ಲಿ, ನಟ್ಟನಡುವೆ, ಒಂದು ಖಾಲಿ ಪಟ್ಟಿ ಉಳಿಯಿತು. ಪ್ರಯೋಗಾಲಯದಲ್ಲಿ ಭೂತಗನ್ನಡಿಯ ಕೆಳಗೆ ನಾನು ನೋಡಿದ್ದು ಇದನ್ನೇ. ಮರಳಿಗೆ ಉಜ್ಜಿದ್ದಲ್ಲ ಅದು, ಪಿನ್ ಮಲಗಿದ್ದ ಜಾಗ. ಚಾಂದಪಾಷಾ ಪಿನ್ ಹಾಕಿದ್ದ. ಆಮೇಲೆ ಯಾರೋ ಅದನ್ನು ತೆಗೆದಿದ್ದರು.

ನಾನು ಅದನ್ನು ಹೇಳಲು ಬಾಯಿ ತೆರೆಯುವ ಮೊದಲೇ ಅವರು ಚಾಕುವಿನ ತುದಿಯಿಂದ ಆ ಗೆರೆಯನ್ನು ಕೆರೆದು ತೆಗೆಯತೊಡಗಿದರು. ಏಕೆ ಎಂದು ಕೇಳಿದೆ.

“ಗೆರಿ ಇದ್ದ ನಟ್ಟಿಗೆ ಪಾನಾ ಹಚ್ಚೂ ಮೊದಲು ಗೆರಿ ಕೆರದು ತಗೀಬೇಕ್ರಿ. ಈಗ ನಿಮಗ ತೋರಿಸಾಕಂತ ಬಿಟ್ಟಿದ್ದೆ. ಕೆರೀದ ಬಿಚ್ಚಿ ಮತ್ತ ಹಾಕಿದ್ರ, ಗೆರಿ ಸುಳ್ಳು ಹೇಳ್ತದ.”

ಮಿಲ್ಲಿನಲ್ಲಿ ಇದು ಗೊತ್ತಿಲ್ಲದ ಫಿಟ್ಟರೇ ಇಲ್ಲವಂತೆ. ಚಾಂದಪಾಷಾ ಅಂದು ಬಾಯಿ ತೆರೆದು ಹೇಳಲು ಹೊರಟಿದ್ದು ಇದನ್ನೇ ಇರಬೇಕು. ಎಳೆಯುವುದನ್ನು ಇಡೀ ನೆಲೆಗೆ ಹಬ್ಬಿಸಿದವನು ನಾನು, ಕೆರೆಯುವುದನ್ನು ಕೇಳಿಸಿಕೊಳ್ಳದೆ ಊಟಕ್ಕೆ ಹೋದವನೂ ನಾನು. ಅದನ್ನು ಅಲ್ಲಿ ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ನಿಮ್ಮ ಮಗನ ಹೆಸರು ಉಳಿಯುತ್ತದೆ ಎಂದು ಮಾತ್ರ ಹೇಳಿ ಮಾನ್ವಿಯ ಬಸ್ಸು ಹಿಡಿದೆ. ಮನೆಯಲ್ಲಿ ಒಂದೇ ರಾತ್ರಿ ಇದ್ದು ರಜೆ ಮುರಿದುಕೊಂಡು ಹಿಂತಿರುಗಿದೆ.

ನೆಲೆಯಲ್ಲಿ ಉಳಿದ ಹೆಲಿಕಾಪ್ಟರುಗಳ ಬಾಲ ತೆರೆಸಿದೆ. ಚಾಂದಪಾಷಾ ಹಾಕಿದ ಹನ್ನೊಂದು ನಟ್ಟುಗಳಲ್ಲಿ ಹನ್ನೊಂದಕ್ಕೂ ಗೆರೆ ಪಿನ್ನಿನ ಮೇಲೆಯೇ ಹಾದಿತ್ತು. ಅಪಘಾತದ ನಟ್ಟಿನ ಖಾಲಿ ಪಟ್ಟಿಯ ಅಗಲ ಪಿನ್ನಿನ ಕಾಲಿಗೆ ಸರಿಹೊಂದಿತು. ಪ್ರಯೋಗಾಲಯದವರೂ ಒಪ್ಪಿದರು. ಚೀಫ್‌ರನ್ನು ಮತ್ತೆ ಕರೆಸಿದೆವು. ನಾನು ಏನೂ ಕೇಳದೆ ಎರಡು ನಟ್ಟುಗಳನ್ನು ಮೇಜಿನ ಮೇಲಿಟ್ಟೆ. ಒಂದು ಪಿನ್ ಸಮೇತ ಇದ್ದದ್ದು, ಇನ್ನೊಂದು ಸಮುದ್ರದಿಂದ ಬಂದದ್ದು. ಅವರು ಎರಡನ್ನೂ ಕೈಗೆತ್ತಿಕೊಂಡು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಅಪ್ಪಣೆ ಕೇಳದೆ, ಹೇಳತೊಡಗಿದರು.

ಅಪಘಾತದ ಹಿಂದಿನ ದಿನ ಮಧ್ಯಾಹ್ನ ಪೆಡಲ್ ಬಿಗಿಯ ದೂರು ಬಂದಾಗ, ಬಿಗಿ ಕೇಬಲ್ಲಿನಲ್ಲಿದೆಯೋ ಗೇರ್‌ಬಾಕ್ಸಿನಲ್ಲಿದೆಯೋ ನೋಡಲು ಅವರು ಆ ಬೋಲ್ಟನ್ನು ಬಿಚ್ಚಿದ್ದರು. ಮತ್ತೆ ಹಾಕುವಾಗ ಹೊಸ ಪಿನ್ ಬೇಕು, ಒಮ್ಮೆ ಮಡಚಿದ ಪಿನ್ನನ್ನು ಎರಡನೆಯ ಸಲ ಬಳಸುವಂತಿಲ್ಲ. ಆ ಅಳತೆಯ ಪಿನ್ ಅವರ ಕೈಯಲ್ಲಿರಲಿಲ್ಲ, ಸ್ಟೋರ್ಸ್ ಊಟಕ್ಕೆ ಮುಚ್ಚಿತ್ತು. ಸದ್ಯಕ್ಕೆಂದು ನಟ್ಟನ್ನು ಕೆಂಪು ಗೆರೆ ಒಂದಕ್ಕೊಂದು ಕೂಡುವವರೆಗೆ ತಿರುಗಿಸಿ ಬಿಟ್ಟರು. ಅಷ್ಟರಲ್ಲಿ ಇನ್ನೊಂದು ಹೆಲಿಕಾಪ್ಟರಿನ ಕೆಲಸಕ್ಕೆ ಕರೆ ಬಂತು. ಪಿನ್ ಹಾಕಿದ ಮೇಲೆ ಪುಸ್ತಕದಲ್ಲಿ ಬರೆದರಾಯಿತು ಎಂದುಕೊಂಡು ಹೋದವರು ಮರೆತುಬಿಟ್ಟರು. ಅಪಘಾತವಾದ ಮೇಲೆ, ಪಿನ್ ಹಾಕಿಯೇ ಇದ್ದೆ ಎಂದು ತಮ್ಮನ್ನು ತಾವೇ ನಂಬಿಸಿಕೊಂಡಿದ್ದರು.

“ಗೆರೆ ಕೂಡಿಸಿದೆ ಸರ್,” ಎಂದರು. “ಕೂಡಿಸಿದ ಮೇಲೆ ನನ್ನ ಕಣ್ಣಿಗೇ ಅದು ಮುಗಿದ ಕೆಲಸದ ಹಾಗೆ ಕಂಡಿತು.”

ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ನನಗಾಗಲಿಲ್ಲ. ಮರುದಿನ ಬೆಳಿಗ್ಗೆ ಚಾಂದಪಾಷಾ ಏಣಿ ಹತ್ತಿ ಅಂಗೈಯಗಲದ ಕಿಂಡಿಯಿಂದ ನೋಡಿದಾಗ ಕಂಡದ್ದು ನಟ್ಟಿನ ಕೆಳತುದಿ ಮತ್ತು ಲಿವರು ಮಾತ್ರ. ಪಿನ್ ಇದೆಯೋ ಇಲ್ಲವೋ ತಿಳಿಯಬೇಕಾದರೆ ಮೊಣಕೈವರೆಗೆ ಕೈ ತೂರಿಸಿ ಬೆರಳಿನಿಂದ ಮುಟ್ಟಬೇಕು. ಅವನು ಮುಟ್ಟಲಿಲ್ಲ. ತಾನೇ ಎಳೆದ ಗೆರೆ, ಕೂಡಿತ್ತು. ಅವನು ಬೆಳೆದ ಮಿಲ್ಲಿನಲ್ಲಿ ಹಾಗೆ ಕೂಡಿದ ಗೆರೆಗೆ ಒಂದೇ ಅರ್ಥ: ಅದನ್ನು ಯಾರೂ ಬಿಚ್ಚಿಲ್ಲ.

ನಾನು ಅಧ್ಯಕ್ಷರ ಬಳಿ ಹೋಗಿ, ಗೆರೆ ನೋಡಿ ನಂಬುವುದನ್ನು ಈ ನೆಲೆಗೆ ಹೇಳಿಕೊಟ್ಟವನು ನಾನೇ, ಅದನ್ನು ವರದಿಯಲ್ಲಿ ಸೇರಿಸಬೇಕು ಎಂದೆ. ಹಾಗಾದರೆ ನೀವು ಸದಸ್ಯರಾಗಿರಲು ಆಗುವುದಿಲ್ಲ, ಸಾಕ್ಷಿಯಾಗಬೇಕಾಗುತ್ತದೆ ಎಂದು ಅವರು ಎಚ್ಚರಿಸಿದರು. ಮಂಡಳಿಯಿಂದ ಹೊರಬಂದು ಸಾಕ್ಷಿ ಹೇಳಿದೆ. ನನ್ನ ಜಾಗಕ್ಕೆ ಬಂದ ಅಧಿಕಾರಿ ಎಲ್ಲವನ್ನೂ ಮೊದಲಿಂದ ಪರೀಕ್ಷಿಸಿ ಅದೇ ತೀರ್ಮಾನಕ್ಕೆ ಬಂದರು. ದಾಖಲಿಸದೆ ಮಾಡಿದ ಕೆಲಸ ಮೂಲ ಕಾರಣ, ವಿಧಾನ ತಿಳಿಯದೆ ಹಬ್ಬಿಸಿದ ಗುರುತು ಪೂರಕ ಕಾರಣ. ಮೃತ ಮೆಕ್ಯಾನಿಕ್ ಪಿನ್ ಹಾಕಿದ್ದನೆಂದು ಸ್ಪಷ್ಟವಾಗಿ ಬರೆಯಲಾಯಿತು. ಚೀಫ್ ಶಿಕ್ಷೆಗೆ ಒಳಗಾದರು. ನನ್ನ ಕಡತದಲ್ಲಿ ಎಚ್ಚರಿಕೆಯ ಒಂದು ಪತ್ರ ಸೇರಿತು, ಅದು ನ್ಯಾಯವೇ ಆಗಿತ್ತು.

ಜುಲೈನಲ್ಲಿ ಅಪ್ಪಣೆ ಪಡೆದು ಮತ್ತೆ ರಾಯಚೂರಿಗೆ ಹೋದೆ. ಮಹಬೂಬಸಾಬರಿಗೆ ವಿಷಯ ಹೇಳಿದೆ. ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ನಂತರ ಒಂದೇ ಒಂದು ಬೇಡಿಕೆ ಇಟ್ಟರು. ತಾವು ಹೇಳಿದರೆ ಸೊಸೆಯ ತವರಿನವರು ನಂಬುವುದಿಲ್ಲ, ಅದೇ ಮಾತನ್ನು ನಾನು ದೇವದುರ್ಗಕ್ಕೆ ಬಂದು ಹೇಳಬೇಕು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆವು.

ಗಬ್ಬೂರು ದಾಟುವವರೆಗೂ ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಬಿತ್ತನೆಯ ಹೊಲಗಳಲ್ಲಿ ಜನ ಬಾಗಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು:

“ಒಂದು ಕೇಳ್ತೀನಿ ಸಾಹೇಬ್ರ, ಖರೇ ಹೇಳ್ರಿ. ಆವತ್ತು ಮುಂಜಾನಿ ಚಾಂದ್ ಅದನ್ನ ನೋಡಿದ್ದನೇನು?”

“ನೋಡಿದ್ದ ಚಾಚಾ.”

“ಗೆರಿ ಕೂಡಿತ್ತೇನು?”

ಸುಳ್ಳು ಹೇಳಬಹುದಾಗಿತ್ತು. ವರದಿಯ ಆ ಪುಟವನ್ನು ಅವರೆಂದೂ ಓದುತ್ತಿರಲಿಲ್ಲ.

“ಕೂಡಿತ್ತು,” ಎಂದೆ.

ಅವರು ತಲೆಯಾಡಿಸಿದರು. ನಾನು ಆಗ ನನ್ನ ಪಾಲಿನದನ್ನೂ ಹೇಳಿದೆ. ನಾನು ಹೊಗಳಿದ್ದು, ಹಬ್ಬಿಸಿದ್ದು, ಅವನ ಪೂರ್ತಿ ಮಾತು ಕೇಳದೆ ಹೋದದ್ದು, ಎಲ್ಲ. ಅವರು, “ಅರ್ಧಾ ಒಯ್ದ್ರಿ ನೀವು,” ಎಂದರು. “ನಿಂತು ಕೇಳಿದ್ರ ಪೂರಾ ಹೇಳ್ತಿದ್ದ ಅಂವ.” ದನಿಯಲ್ಲಿ ಕೋಪವಿರಲಿಲ್ಲ. ಕ್ಷಮಿಸಿದೆ ಎಂದೂ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ದೇವದುರ್ಗದ ಮನೆಯಲ್ಲಿ ಜೈನಾಬಿಯ ಅಣ್ಣ, ಓಣಿಯ ನಾಲ್ಕಾರು ಹಿರಿಯರು ಕೂತಿದ್ದರು. ಆಕೆ ಒಳಬಾಗಿಲ ಪರದೆಯ ಹಿಂದೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮಗುವಿನ ಕಾಲ್ಗೆಜ್ಜೆಯ ಸದ್ದು ಕೇಳುತ್ತಿತ್ತು. ಚಾಂದಪಾಷಾ ಪಿನ್ ಹಾಕಿದ್ದ, ಆಮೇಲೆ ಬೇರೆಯವರು ಬಿಚ್ಚಿದ್ದರು, ಸೇನೆಯ ತನಿಖೆ ಹೀಗೆಂದು ತೀರ್ಮಾನಿಸಿದೆ ಎಂದು ನಿಧಾನವಾಗಿ ಎರಡು ಸಲ ಹೇಳಿದೆ. ಅಣ್ಣ ತಲೆ ತಗ್ಗಿಸಿದ. ಎದ್ದು ಬಂದು ಮಹಬೂಬಸಾಬರ ಕೈ ಹಿಡಿದ. ಬಂದ ಕೆಲಸ ಮುಗಿಯಿತು ಎಂದುಕೊಂಡು ನಾನು ಏಳಲು ಹೊರಟೆ.

ಆಗ ಪರದೆಯ ಹಿಂದಿನಿಂದ ಆಕೆ ಕೇಳಿದಳು: “ಹಾರೂ ಮುಂದ ಅವ್ರು ನೋಡಿದ್ದಿಲ್ಲೇನ್ರಿ?”

ಮಹಬೂಬಸಾಬರೇ ಹೇಳಿದರು.

“ನೋಡಿದ್ದ ಬೇಟಿ. ನಾನು ಕಲಿಸಿದಂಗ ನೋಡಿದ್ದ.”

ನಲವತ್ತು ವರ್ಷವಾದರೂ ಆ ಮಾತು ನೆನಪಾದರೆ ನನಗೆ ಸಂಕಟವಾಗುತ್ತದೆ. ಮಗನ ಹೆಸರಿಗೆ ಅಂಟಿದ್ದನ್ನು ತೊಳೆಯಲು ಬಂದ ತಂದೆ, ಅದನ್ನು ತಮ್ಮ ಮೈಮೇಲೆ ಎಳೆದುಕೊಂಡು ಹಿಂತಿರುಗಿದರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಇನ್ನೊಬ್ಬರ ಕೈಚಳಕ ಮೆಚ್ಚುಗೆಯಾದರೆ ಬೆನ್ನು ತಟ್ಟಿದರೆ ಸಾಲದು, ಅವರು ಹೇಳಿ ಮುಗಿಸುವವರೆಗೆ ನಿಂತು ಕೇಳಬೇಕು. ಮತ್ತೆ, ಯಾವ ಗುರುತನ್ನೇ ಆಗಲಿ, ಅದು ಸೂಚಿಸುವ ವಸ್ತುವೆಂದು ತಿಳಿಯಬಾರದು. ನಿವೃತ್ತನಾಗುವವರೆಗೂ ನಾನು ಮೆಕ್ಯಾನಿಕ್ಕುಗಳನ್ನು ಪಿನ್ ನೋಡಿದೆಯಾ ಎಂದು ಕೇಳಲಿಲ್ಲ, ಮುಟ್ಟಿದೆಯಾ ಎಂದು ಕೇಳಿದೆ.

1986ರ ಹತ್ತಿಯ ಹಂಗಾಮಿನಲ್ಲಿ ಮಾನ್ವಿಗೆ ಹೋಗುವಾಗ ಆ ಮಿಲ್ಲಿಗೆ ಹೋಗಿದ್ದೆ. ಮಹಬೂಬಸಾಬರು ಹಿಂದಿನ ವರ್ಷ ತೀರಿಕೊಂಡಿದ್ದರು. ಶರಣಪ್ಪ ಎಂಬ ನಡುವಯಸ್ಸಿನ ಫಿಟ್ಟರೊಬ್ಬರು ಜಿನ್ನಿನ ಹತ್ತಿರ ಕೂತು, ನಟ್ಟಿಗೆ ಪಾನಾ ಹಚ್ಚುವ ಮುಂಚೆ ಚಾಕುವಿನಿಂದ ಕೆಂಪು ಗೆರೆ ಕೆರೆಯುತ್ತಿದ್ದರು. ಗೊತ್ತಿದ್ದೂ ಏಕೆಂದು ಕೇಳಿದೆ. ಮಹಬೂಬಸಾಬ್ರು ಹಾಗೆ ಕಲಿಸಿದ್ದಾರೆ ಎಂದರು. ಕೆಲಸ ಮುಗಿಸಿ, ಹೊಸ ಪಿನ್ ಹಾಕಿ, ಗೆರೆ ಎಳೆದರು. ಬಣ್ಣ ಆರಿದ ಮೇಲೆ ಹೊರಟವರು ಮತ್ತೆ ಬಾಗಿ, ಯಂತ್ರದ ಸಂದಿಯಲ್ಲಿ ಕೈ ತೂರಿಸಿ ಆ ಪಿನ್ನನ್ನು ಬೆರಳಿನಿಂದ ಒಮ್ಮೆ ತಡವಿ ನೋಡಿದರು. ಗೆರೆ ಕಾಣುತ್ತಿರುವಾಗ ಅದೇಕೆ ಎಂದೆ.

“ಗೆರಿ ನೋಡಿ ಬಿಡಬ್ಯಾಡ, ಕೈ ಹಚ್ಚಿ ನೋಡು ಅಂತಿದ್ರು ರೀ,” ಎಂದರು ಶರಣಪ್ಪ. “ಮೊದಲು ಹಂಗ ಅಂತಿದ್ದಿಲ್ಲ. ಮಗ ಹೋದ ಮ್ಯಾಲ ಅನ್ನಾಕ ಹತ್ತಿದ್ರು.”

ಅವರು ಕೈ ಒರೆಸಿಕೊಂಡು ಮುಂದಿನ ಜಿನ್ನಿಗೆ ಹೋದರು. ನಾನು ಬಾಗಿ, ಅದೇ ಸಂದಿಯಲ್ಲಿ ಕೈ ತೂರಿಸಿ, ಆ ಪಿನ್ನನ್ನು ಮುಟ್ಟಿ ನೋಡಿದೆ.